ತಾತನ ಅಂಗಿ ಗುಂಡಿಗೆ ಕಟ್ಟಿದ ಚೀಟಿ

ಸ್ವಸ್ತಿ ಶ್ರೀಮನ್ಮಹಾ ಮೋಟಾರು ಮಂಡಲಾಧೀಶ್ವರ, ತ್ರೀಫೇಸ್ ವಿಜಯಧ್ವಜ, ಸುಟ್ಟ ಕಾಯಿಲುಗಳ ಪುನರ್ಜನ್ಮದಾತ, ಸ್ಟಾರ್ಟರ್ ಪೆಟ್ಟಿಗೆಗಳ ಕುಲಗುರು, ಚನ್ನರಾಯಪಟ್ಟಣ ಹೋಬಳಿಯ ಸಮಸ್ತ ಬೋರ್‌ವೆಲ್ಲುಗಳ ಆಪದ್ಬಾಂಧವ, ಎಡಗೈಯನ್ನು ಬೆನ್ನ ಹಿಂದಿಟ್ಟುಕೊಂಡೇ ಲೋಕವನ್ನು ಗೆದ್ದ ಶ್ರೀ ಶ್ರೀ ಶ್ರೀ ವೈಂಡಿಂಗ್ ದೊಡ್ಡಮುನಿಯಪ್ಪನವರ ಪಾದಾರವಿಂದಗಳಿಗೆ, ಆ ಪಾದಗಳಿಗೆ ಹರಳೆಣ್ಣೆ ತಿಕ್ಕಿ ತಿಕ್ಕಿ ಅಂಗೈ ಸವೆಸಿಕೊಂಡಿರುವ ಮೊಮ್ಮಗಳು ಪ್ರಮೋದಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ಕಡೆ ಕುಶಲವಿಲ್ಲ. ಅತ್ತ ಕಡೆ ಕುಶಲವಿದ್ದರೂ ತಾವು ಒಪ್ಪಿಕೊಳ್ಳುತ್ತಿಲ್ಲ. ಅದಕ್ಕೇ ಈ ಪತ್ರ.

ಬಿರುದು ಹೇಳಿ ಹೇಳಿ ನನ್ನ ಉಸಿರು ಖಾಲಿಯಾಯಿತು. ಆದ್ದರಿಂದ ‘ತಾವು’ ಇಲ್ಲಿಗೆ ಮುಗಿಯಿತು, ಇನ್ನು ಮುಂದೆ ‘ನೀನು’. ನನಗೆ ಸಿಟ್ಟು ಬಂದಿದೆ ತಾತ. ಬಹುವಚನದಲ್ಲಿ ಬೈಯುವಷ್ಟು ವಿದ್ಯೆ ನನಗೆ ಬಂದಿಲ್ಲ.

ಒಂದೇ ಸೂರಿನ ಕೆಳಗೆ ಇದ್ದುಕೊಂಡು ಕಾಗದ ಬರೆಯುವುದೇನು ಅಂತ ಅಮ್ಮಯಮ್ಮಜ್ಜಿ ನಗುತ್ತಾಳೆ, ನಗಲಿ. ಇದು ನೀನೇ ಮಾಡಿದ ಕಾನೂನು. ನಿನ್ನ ವೈಂಡಿಂಗ್ ಅಂಗಡಿಗೆ ಸುಟ್ಟ ಮೋಟಾರು ಹೊತ್ತು ತಂದವರು ಎಷ್ಟೇ ಗೋಳಾಡಲಿ, ನೀನು ತಲೆ ಎತ್ತುತ್ತಿರಲಿಲ್ಲ. ‘ಬಾಯಲ್ಲಿ ಹೇಳಿದ್ದು ಮೋಟ್ರಿಗೆ ಕೇಳ್ಸಲ್ಲ. ಹೆಸ್ರು, ಊರು, ದೂರು ಬರ್ದು ಚೀಟಿ ಕಟ್ಟಿ ಹೋಗಪ್ಪ’ ಅನ್ನುತ್ತಿದ್ದೆ. ಪಂಚಾಯ್ತಿ ಅಧ್ಯಕ್ಷರೇ ಬಂದಾಗಲೂ ಪೆನ್ನು ಮುಂದೆ ಚಾಚಿದ್ದೆ. ಜಮೀನು ಹೋರಾಟದ ಟೆಂಟಿನಲ್ಲಿ ಮೈಕಿನ ಆಂಪ್ಲಿಫೈಯರ್ ಕೆಟ್ಟು, ಭಾಷಣ ಅರ್ಧಕ್ಕೇ ನಿಂತು, ಜನವೆಲ್ಲ ಕಾಯುತ್ತಿದ್ದಾಗಲೂ ‘ಚೀಟಿ ಎಲ್ಲಿ?’ ಅಂದವನು ನೀನು. ಹಾಗಾಗಿ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಿಂದ ಬರುವ ಕಂಪನಿ ಬಸ್ಸಿನಲ್ಲಿ, ಪ್ರತಿ ಗುಂಡಿಗೊಮ್ಮೆ ಅಕ್ಷರ ನೆಗೆಯುತ್ತಿದ್ದರೂ ಬಿಡದೆ, ನಾನೂ ಚೀಟಿ ಬರೆಯುತ್ತಿದ್ದೇನೆ. ಇದನ್ನು ವೈಂಡಿಂಗ್ ದಾರದಲ್ಲಿ, ಗೂಟಕ್ಕೆ ನೇತುಹಾಕಿರುವ ನಿನ್ನ ನೀಲಿ ಅಂಗಿಯ ಎರಡನೇ ಗುಂಡಿಗೆ ಕಟ್ಟುತ್ತೇನೆ. ಹೆಸರು ಗೊತ್ತು, ಊರು ಗೊತ್ತು. ದೂರು ಏನೆಂದರೆ, ಸೋಮವಾರ ದೇವನಹಳ್ಳಿ ಆಸ್ಪತ್ರೆಯಲ್ಲಿ ಚೈತ್ರ ಮೇಡಂ ಎದುರು ನೀನು ಸುಳ್ಳು ಹೇಳಲು ಹೊರಟಿದ್ದೀಯ.

ನಿನ್ನೆ ಸಂಜೆ ಜಗಲಿಯ ಮೇಲೆ ನಿನ್ನ ಗೆಳೆಯ ಪಿಳ್ಳಣ್ಣನ ಜೊತೆ ನೀನು ಆಡಿದ ಮಾತು ಒಳಗೆ ಅವರೆಬೇಳೆ ಹಿತುಕುತ್ತಿದ್ದ ನನಗೆ ಒಂದಕ್ಷರ ಬಿಡದೆ ಕೇಳಿಸಿತು. ‘ಅದು ಕೆಟ್ಟಿದ್ ಮಿಷಿನ್ನು ಕಣ್ಲಾ ಪಿಳ್ಳ. ನಾನು ರಿಪೇರಿ ಮಾಡಿ ಟೆಸ್ಟಿಂಗ್ ಮಾಡ್ದೆ, ಅಷ್ಟೇಯ. ಸೋಮವಾರ ಆಯಮ್ಮನ ಕೈಗೆ ವಾಪಸ್ ಕೊಟ್ಬಿಟ್ಟು, ಇದ್ರಿಂದ ನಂಗೇನೂ ಆಗಿಲ್ಲ ಅಂತ ಹೇಳ್ಬಿಟ್ಟು ಬರ್ತೀನಿ’ ಅಂದೆ. ನನ್ನ ಬೆರಳ ನಡುವಿನ ಬೇಳೆ ಸಿಟ್ಟಿಗೆ ಚಿಮ್ಮಿ ಗೋಡೆಯ ಮೇಲಿನ ದೇವರ ಪಟಕ್ಕೆ ಬಡಿಯಿತು. ಏನೂ ಆಗಿಲ್ಲವಾ? ಈ ಮಾತನ್ನು ನೀನು ಅಂಗಿ ತೊಟ್ಟುಕೊಂಡು ಹೇಳಿದೆ ತಾತ! ಅದೇ ನನ್ನನ್ನು ಉರಿಸುತ್ತಿರುವುದು.

ಅಂಗಿಯ ವಿಷಯ ನಿನಗೆ ಮರೆತಿದ್ದರೆ ನೆನಪಿಸುತ್ತೇನೆ. ಯುಗಾದಿ ಕಳೆದ ಮೇಲೆ ನಿನಗೆ ಸರ್ಪಸುತ್ತು ಬಂತು. ಬೆನ್ನುಮೂಳೆಯ ಪಕ್ಕದಿಂದ ಹೊರಟು ಬಲಗಡೆ ಪಕ್ಕೆಯನ್ನು ಬಳಸಿ ಎದೆಯ ಕೆಳಗಿನವರೆಗೆ ಕೆಂಪು ಬೊಬ್ಬೆಗಳ ಪಟ್ಟಿ. ‘ನಾಗಪ್ಪ ನಂಗೆ ಉಡಿದಾರ ತಂದವ್ನೆ, ಬೆಳ್ಳೀದು ಸಿಗ್ಲಿಲ್ವಂತೆ’ ಅಂತ ನೀನು ನಕ್ಕೆ. ಕೆಮ್ಮಣ್ಣಿನಲ್ಲಿ ಹಾವು ಬರೆಯುವವರು ಬಂದರು, ಬರೆದರು. ತಲೆಗೂ ಬಾಲಕ್ಕೂ ಕೂಡಿದರೆ ಜೀವ ಹೋಗುತ್ತದೆ ಅಂತ ಊರವರೆಲ್ಲ ಬಂದು, ಸೈಟಿನ ಗಡಿ ನೋಡುವವರ ಹಾಗೆ ನಿನ್ನ ಹೊಟ್ಟೆಯ ಮೇಲೆ ಗೇಣು ಹಾಕಿ ನೋಡಿ, ‘ಇನ್ನೂ ಜಾಗ ಐತೆ ಬುಡು’ ಅಂತ ಧೈರ್ಯ ಹೇಳಿ ಕಾಫಿ ಕುಡಿದು ಹೋದರು. ಡಾಕ್ಟರ ಹತ್ತಿರ ಹೋಗೋಣ ಅಂತ ಒಬ್ಬರಾದರೂ ಅಂದರಾ? ಬೊಬ್ಬೆ ಒಡೆದ ಮೇಲೆ ಹೋದದ್ದಾಯಿತು. ‘ಕಾಣಿಸಿಕೊಂಡ ಎರಡು ಮೂರು ದಿನದಲ್ಲೇ ಬಂದಿದ್ರೆ ಔಷಧಿ ಚೆನ್ನಾಗಿ ಕೆಲಸ ಮಾಡ್ತಿತ್ತಲ್ಲಪ್ಪ’ ಅಂದರು ಡಾಕ್ಟರು. ಗೇಣು ಹಾಕಿದವರ ಕೈಗಳನ್ನೆಲ್ಲ ನಾನು ಮನಸ್ಸಿನಲ್ಲೇ ಆವತ್ತು ಸ್ಟಾರ್ಟರ್ ಪೆಟ್ಟಿಗೆಗೆ ತಗುಲಿಸಿದೆ.

ಆಮೇಲೆ ಗಾಯ ಒಣಗಿತು, ಹಕ್ಕಳೆ ಉದುರಿತು, ಚರ್ಮ ಬಂತು. ನಿಜವಾದ ನೋವು ಶುರುವಾದದ್ದೇ ಆಗ. ಆ ಪಟ್ಟಿಯ ಮೇಲೆ ಬಟ್ಟೆ ಸೋಕಿದರೆ ಕಾದ ಬೆಸುಗೆ ಕಡ್ಡಿ ಎಳೆದಂತೆ ಆಗುತ್ತದೆ ಅಂತ ನೀನು ಹೇಳಿದರೆ ನಂಬಿದವರು ಯಾರು? ‘ಗಾಯ ಮಾಯ್ತಲ್ಲ, ಇನ್ನೆಂಥ ನೋವು?’ ಅಂದರು. ‘ವಯಸ್ಸಾಯ್ತು, ಮನೆಯವ್ರು ನೋಡ್ಕೊಳ್ಲಿ ಅಂತ ಆಸೆ’ ಅಂದವರೂ ಇದ್ದರು. ನೀನು ಯಾರ ಮೇಲೂ ರೇಗಲಿಲ್ಲ. ನನ್ನೊಬ್ಬಳನ್ನು ಕೂರಿಸಿಕೊಂಡು ಹೇಳಿದೆ, ‘ಪುಟ್ಟಿ, ಮೋಟ್ರು ಸುಟ್ಟೋದಾಗ ಮೇಲ್ಗಡೆ ಬಣ್ಣ ಚೆನ್ನಾಗೇ ಇರ್ತದೆ. ಒಳಗಡೆ ತಂತಿ ಮೇಲಿನ ವಾರ್ನಿಷ್ ಹೋಗಿರ್ತದೆ. ತಂತಿಗೆ ತಂತಿ ತಾಕ್ತಾ ಇರ್ತದೆ. ಹೊರಗಡೆ ನಿಂತು ನೋಡೋನ್ಗೆ ಅದು ಕಾಣಾಕಿಲ್ಲ.’ ಆವತ್ತಿನಿಂದ ನಿನ್ನ ನೋವನ್ನು ನಾನು ಕಣ್ಣಾರೆ ಕಂಡಂತೆ ನಂಬಿದ್ದೇನೆ.

ನೀನು ಅಂಗಿ ಬಿಟ್ಟೆ. ವಿಜಯಪುರದಲ್ಲಿ ಯಾರದೋ ಗೃಹಪ್ರವೇಶಕ್ಕೆಂದು ಅಜ್ಜಿ ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದವನು ಊಟಕ್ಕೂ ಕೂರದೆ, ಅಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು ಬರಿಮೈಯಲ್ಲಿ ಬಸ್ಸು ಹತ್ತಿದೆ. ‘ಏನಜ್ಜಾ, ಪೂಜಾರಿಕೆ ಶುರು ಮಾಡಿದ್ಯಾ?’ ಅಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ಪಕ್ಕದಲ್ಲಿ ಕೂತಿದ್ದ ನನ್ನ ಕಡೆ ನೀನು ನೋಡಲಿಲ್ಲ. ಕಿಟಕಿಯಾಚೆ ದ್ರಾಕ್ಷಿ ತೋಟಗಳನ್ನು ಮೊದಲ ಸಲ ಕಂಡವನ ಹಾಗೆ ನೋಡುತ್ತ ಕೂತೆ. ನನ್ನ ಬಾಯಿಗೆ ಯಾವಾಗಲೂ ಉತ್ತರ ಸಿದ್ಧವಿರುತ್ತದೆ ಅಂತ ಊರೇ ಹೇಳುತ್ತದಲ್ಲ, ಆವತ್ತು ಒಂದೂ ಹೊಳೆಯಲಿಲ್ಲ.

ಅಂಗಿ ಹೋದ ಮೇಲೆ ಜೇಬು ಹೋಯಿತು. ಜೇಬು ಹೋದ ಮೇಲೆ ಟೆಸ್ಟರ್ ಇಡಲು ಜಾಗ ಹೋಯಿತು. ಟೆಸ್ಟರ್ ಇಲ್ಲದ ದೊಡ್ಡಮುನಿಯಪ್ಪ ಅಂಗಡಿ ಬಾಗಿಲನ್ನೇ ಎಳೆದುಬಿಟ್ಟ. ಹೆಗಲ ಮೇಲೆ ಒದ್ದೆ ಟವೆಲ್ಲು ಹಾಕಿಕೊಂಡು ಟಿವಿಯ ಮುಂದೆ ಕೂತು, ರಿಮೋಟನ್ನು ತೊಡೆಗೆ ಬಡಿದು ಬಡಿದು ವಾರ್ತೆ ಬದಲಿಸುವುದೇ ನಿನ್ನ ಕಸುಬಾಯಿತು. ‘ಊರ್ ಮೋಟ್ರೆಲ್ಲ ಬದುಕಿಸ್ದೋರ ಮನೇಲಿ ರಿಮೋಟಿಗೆ ಗತಿ ಇಲ್ಲ’ ಅಂತ ಅಜ್ಜಿ ಗೊಣಗಿದರೆ ನೀನು ಇನ್ನೂ ಜೋರಾಗಿ ಬಡಿಯುತ್ತಿದ್ದೆ.

ಈ ನಡುವೆ ಮೆಡಿಕಲ್ ಸ್ಟೋರಿನಿಂದ ಚೀಟಿಯಿಲ್ಲದೆ ನೋವಿನ ಮಾತ್ರೆ ತರಿಸಿ ನುಂಗುತ್ತಿದ್ದೆಯಲ್ಲ, ಆ ವಿಷಯಕ್ಕೆ ಬರೋಣ. ಚೀಟಿಯಿಲ್ಲದೆ ಮೋಟಾರು ಮುಟ್ಟದವನು ಚೀಟಿಯಿಲ್ಲದ ಮಾತ್ರೆಯನ್ನು ಹುರಿಗಡಲೆಯಂತೆ ಮುಕ್ಕಿದ! ಕೊಟ್ಟವನಿಗೂ ನಾಚಿಕೆಯಿಲ್ಲ, ನುಂಗಿದವನಿಗೂ ಇಲ್ಲ. ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಕಿಡ್ನಿ ಸೋಲುತ್ತಿದೆ, ಆ ಮಾತ್ರೆ ಇನ್ನು ಕೂಡದು ಅಂದರು. ನರಕ್ಕೆಂದು ಬೇರೆ ಮಾತ್ರೆ ಕೊಟ್ಟರು. ಅದರಿಂದ ತಲೆ ತಿರುಗಿ ಹಿತ್ತಿಲಲ್ಲಿ ಬಿದ್ದೆ, ಪ್ರಮಾಣ ಇಳಿಸಿದರು. ಕೊನೆಗೆ ಫಿಸಿಯೋಥೆರಪಿ ಕೋಣೆಗೆ ಹೋಗಿ ಅಂದರು. ಅಲ್ಲಿ ಕೂತಿದ್ದವರೇ ಚೈತ್ರ ಮೇಡಂ. ನನಗಿಂತ ನಾಲ್ಕು ವರ್ಷ ದೊಡ್ಡವರಿರಬಹುದು. ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಒಂದು ಯಂತ್ರ, ಅದರಿಂದ ಎರಡು ತಂತಿ, ತಂತಿಯ ತುದಿಗೆ ಅಂಟು ಅಂಟಾದ ಎರಡು ಪ್ಯಾಡು. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ, ಚರ್ಮದ ಮೇಲೆ ಅಂಟಿಸಿ ನರಕ್ಕೆ ಸಣ್ಣಗೆ ಕರೆಂಟು ಕೊಡುವುದು.

‘ತಾತ, ಎದೇಲಿ ಪೇಸ್‌ಮೇಕರ್ ಏನಾದ್ರೂ ಇದ್ಯಾ?’ ಅಂತ ಅವರು ಕೇಳಿದರು. ‘ಎದೇಲಿ ನಮ್ ಅಮ್ಮಯಮ್ಮ ಅವ್ಳೆ’ ಅಂದೆ ನೀನು. ಅಜ್ಜಿ ಸೆರಗು ಬಾಯಿಗೆ ಹಿಡಿದಳು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಅವರು ಎರಡು ಪ್ಯಾಡು ಕೈಗೆತ್ತಿಕೊಂಡದ್ದೇ ತಡ, ನಿನ್ನ ಮುಖ ಬದಲಾಯಿತು. ‘ಒಂದ್ರಲ್ಲಿ ಒಳಗ್ ಬಂದು ಇನ್ನೊಂದ್ರಲ್ಲಿ ಆಚೆ ಹೋಗ್ತದೆ. ನಡುವೆ ಇರೋದ್ಯಾರು? ನಾನು!’ ಅಂದವನೇ ಟವೆಲ್ಲು ಕೊಡವಿ ಎದ್ದು ಹೊರಟುಬಿಟ್ಟೆ. ಮೂರು ಫೇಸಿನ ಲೈನಿಗೆ ಕೈಯಿಡುವ ಗಂಡು, ಟಿವಿ ರಿಮೋಟಿಗೆ ಹಾಕುವಂಥ ಎರಡು ಸಣ್ಣ ಸೆಲ್ಲಿನ ಮೇಲೆ ನಡೆಯುವ ಯಂತ್ರಕ್ಕೆ ಬೆನ್ನು ತೋರಿಸಿ ಓಡಿದ! ನಮ್ಮ ಬಾಲ್ಯದಲ್ಲಿ, ತಂತಿಯಲ್ಲಿ ಕರೆಂಟು ಸೋರುತ್ತದಾ ಅಂತ ನೋಡುವ ಮೆಗ್ಗರ್ ಪೆಟ್ಟಿಗೆಯ ಹಿಡಿಕೆ ತಿರುಗಿಸುತ್ತ, ‘ಹಿಡ್ಕೊಳ್ಳೇ ಪುಟ್ಟಿ, ಲಡ್ಡು ಬರ್ತದೆ’ ಅಂತ ಊರ ಮಕ್ಕಳಿಗೆಲ್ಲ ಜುಮ್ಮೆನ್ನಿಸಿ ನಗುತ್ತಿದ್ದವನು ಯಾರು? ನನ್ನ ತುಂಟತನಕ್ಕೆ ಗುರು ಯಾರು ಅಂತ ಕೇಳುವವರಿಗೆ ನಾನು ಆ ಪೆಟ್ಟಿಗೆಯನ್ನೇ ತೋರಿಸುತ್ತೇನೆ.

ಆದರೆ ನೀನು ಆಗಲೂ ಎರಡು ತಂತಿಯನ್ನೂ ನಮ್ಮ ಒಂದೇ ಕೈಯ ಬೆರಳುಗಳಿಗೆ ಕೊಡುತ್ತಿದ್ದೆ. ಇನ್ನೊಂದು ಕೈ ಮುಂದೆ ಬಂದರೆ ಚಟ್ಟನೆ ಹೊಡೆಯುತ್ತಿದ್ದೆ. ಯಾಕೆಂದು ನನಗೆ ಗೊತ್ತು ತಾತ. ನಿನ್ನ ತಮ್ಮ, ನಾನು ನೋಡದ ಚಿಕ್ಕತಾತ ಸೊಣ್ಣಪ್ಪ, ಒದ್ದೆ ಗದ್ದೆಯಲ್ಲಿ ಬರಿಗಾಲಲ್ಲಿ ನಿಂತು ಎರಡೂ ಕೈಯಲ್ಲಿ ಸ್ಟಾರ್ಟರ್ ಪೆಟ್ಟಿಗೆ ಹಿಡಿದರು. ನೀನು ಒಣ ಕೋಲಿನಿಂದ ಬಿಡಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಂದು ಕೈಯಿಂದ ಹೊಕ್ಕು ಇನ್ನೊಂದು ಕೈಯಿಂದ ಹೊರಟ ಕರೆಂಟು ನಡುವೆ ಎದೆಯನ್ನು ಹಾದು ಹೋಗುತ್ತದೆ ಅಂತ ನೀನು ಕಲಿತದ್ದು ಆವತ್ತು. ‘ಕರೆಂಟಿಗೆ ಎರಡು ಬಾಗ್ಲು ತೆಗೀಬಾರ್ದು. ಒಂದ್ ಕೈ ಕೆಲ್ಸಕ್ಕೆ, ಒಂದ್ ಕೈ ಬೆನ್ನಿಗೆ.’ ಲೈನು ಪರೀಕ್ಷಿಸುವಾಗೆಲ್ಲ ನಿನ್ನ ಎಡಗೈ ಬೆನ್ನ ಹಿಂದೆ ಹೋಗಿ ಕೂರುವುದನ್ನು ನೋಡುತ್ತಲೇ ನಾನು ಬೆಳೆದದ್ದು. ಅದನ್ನು ಯಾರಾದರೂ ಹೆದರಿಕೆ ಅಂದರೆ ಅವರ ಹಲ್ಲು ಮುರಿಯುತ್ತೇನೆ. ಆದರೆ ನೀನು ಪೂರ್ತಿ ಕೇಳಿಸಿಕೊಳ್ಳದೆ ಎದ್ದು ಹೋದೆ, ನನ್ನ ಸಿಟ್ಟು ಅದಕ್ಕೆ. ನೀನು ಹೋದ ಮೇಲೆ ಚೈತ್ರ ಮೇಡಂ ನನಗೂ ಅಜ್ಜಿಗೂ ಹೇಳಿದ್ದು ಇದು: ‘ಎದೆಗೆ ಅಡ್ಡ ಹಾಕಲೇಬಾರದು. ಎರಡೂ ಪ್ಯಾಡು ಬೆನ್ನಿನ ಬಲಗಡೆಗೇ ಇರಬೇಕು. ಉರಿಯೋ ಪಟ್ಟಿ ಮೇಲೆ ಬೇಡ, ಅದಕ್ಕಿಂತ ಸ್ವಲ್ಪ ಮೇಲೊಂದು, ಕೆಳಗೊಂದು.’ ಕೇಳಿದೆಯಾ? ನಿನ್ನ ಕಾನೂನೇ ಅಲ್ಲವೇ ಇದು? ನೀನು ಬದುಕಿಡೀ ಎಡಗೈ ಮಡಚಿಟ್ಟು ಕಾಪಾಡಿಕೊಂಡದ್ದನ್ನು ಆ ಹುಡುಗಿಯೂ ಕಾಪಾಡುತ್ತಿದ್ದಳು.

ಪಿಳ್ಳಣ್ಣ ನಿನ್ನನ್ನು ಕರೆದುಕೊಂಡು ಹೋದ ಆ ಉಚಿತ ಶಿಬಿರದವರ ಜೊತೆ ಚೈತ್ರ ಮೇಡಂ ಅವರನ್ನೂ ಸೇರಿಸಿದೆಯಲ್ಲ, ಅದನ್ನಂತೂ ನಾನು ಕ್ಷಮಿಸುವುದಿಲ್ಲ. ಕಲ್ಯಾಣ ಮಂಟಪದಲ್ಲಿ ಸಾಲಾಗಿ ಕುರ್ಚಿ, ಪ್ರತಿ ಕುರ್ಚಿಯ ಮುಂದೆ ಪಾದ ಇಡುವ ಯಂತ್ರ, ಮೈಕು ಹಿಡಿದವನೊಬ್ಬ. ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು, ಮೂಲವ್ಯಾಧಿ, ಮರೆವು, ಎಲ್ಲಕ್ಕೂ ಪಾದದಲ್ಲೇ ಪರಿಹಾರವಂತೆ. ಆವತ್ತು ನೀನು ಎದ್ದು ನಿಂತು ಅಂದದ್ದನ್ನು ನಾನು ಬಾಶೆಟ್ಟಿಹಳ್ಳಿಯಲ್ಲಿ ಸಾವಿರ ಸಲ ಹೇಳಿ ನಗಿಸಿದ್ದೇನೆ: ‘ಒಂದೇ ಮೋಟ್ರು ಬೋರ್‌ವೆಲ್ಗೂ ಆಗ್ತದೆ, ರಾಗಿ ಮಿಲ್ಗೂ ಆಗ್ತದೆ, ದೇವಸ್ಥಾನದ ನಗಾರೀಗೂ ಆಗ್ತದೆ ಅಂದ್ರೆ ಅದು ಯಾವ್ದುಕ್ಕೂ ಆಗಾಕಿಲ್ಲ ಕಣಪ್ಪ.’ ಎಷ್ಟು ಸರಿಯಾದ ಮಾತು! ಅವರ ಮಾತು ನಂಬಿ ಸಕ್ಕರೆ ಮಾತ್ರೆ ಬಿಟ್ಟ ಪಿಳ್ಳಣ್ಣ ರಾಗಿ ಹೊಲದಲ್ಲಿ ಕಣ್ಣು ಕತ್ತಲೆ ಬಂದು ಬಿದ್ದು ಆಸ್ಪತ್ರೆ ಸೇರಿದ. ಅಷ್ಟು ಹೊತ್ತಿಗೆ ಶಿಬಿರ ಮುಂದಿನ ಊರಿಗೆ ಹೋಗಿತ್ತು. ನೋವಿರುವವರ ಆಸೆಯನ್ನು ಹೀಗೆ ಕೊಯ್ಲು ಮಾಡಿಕೊಂಡು ಹೋಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾಳೆ ನಿಜ ಹೇಳುವವರು ಬಂದಾಗಲೂ ಜನ ಬಾಗಿಲು ಹಾಕಿಕೊಳ್ಳುವಂತೆ ಮಾಡಿ ಹೋಗುತ್ತಾರೆ ಅವರು.

ಚೈತ್ರ ಮೇಡಂ ಏನಂದಿದ್ದರು? ‘ಇದು ವಾಸಿ ಮಾಡಲ್ಲ. ನೋವಿನ ಸುದ್ದಿ ಹೋಗೋ ದಾರೀಲಿ ಸ್ವಲ್ಪ ಗಲಾಟೆ ಎಬ್ಬಿಸುತ್ತೆ. ಆ ಗಲಾಟೆಲಿ ನೋವಿನ ಮಾತು ಮೆದುಳಿಗೆ ಅಷ್ಟು ಕೇಳ್ಸಲ್ಲ. ಕೆಲವರಿಗೆ ಚೆನ್ನಾಗಿ ಆಗುತ್ತೆ, ಕೆಲವರಿಗೆ ಏನೂ ಆಗಲ್ಲ. ನಿಮಗೆ ಹೇಗೆ ಅಂತ ಹಾಕಿ ನೋಡಿದ್ಮೇಲೇ ಗೊತ್ತಾಗೋದು.’ ಇಷ್ಟೇ. ಮೈಕಿಲ್ಲ, ಮಂಟಪವಿಲ್ಲ. ‘ಏನೂ ಆಗದೇ ಇರಬಹುದು’ ಅಂತ ಮೊದಲೇ ಹೇಳುವ ಮಾರಾಟಗಾರರನ್ನು ನೀನು ಎಲ್ಲಾದರೂ ನೋಡಿದ್ದೀಯಾ?

ಮನೆಯಲ್ಲಿ ಹಾಕಿ ನೋಡಿ ಅಂತ ಅವರು ಕೊಟ್ಟ ಯಂತ್ರ ನಮ್ಮ ಗೋಡೆಯ ಗೂಡಿನಲ್ಲಿ ದೂಳು ತಿಂದಿತು. ಆಯುಧಪೂಜೆಯ ದಿನ ಅಜ್ಜಿ ಅದಕ್ಕೂ ಕುಂಕುಮವಿಟ್ಟು ನಿಂಬೆಹಣ್ಣು ಕೊಯ್ದಳು. ನೀನು ಅದರತ್ತ ತಿರುಗಿಯೂ ನೋಡಲಿಲ್ಲ. 

ಆಮೇಲೆ ಒಂದು ದಿನ ಯಂತ್ರ ಕೆಟ್ಟಿತು. ಹೇಗೆ ಕೆಟ್ಟಿತು ಎಂಬುದು ಇಲ್ಲಿ ಅಪ್ರಸ್ತುತ. ಗುಂಡಿ ಒತ್ತಿದರೆ ದೀಪವಿಲ್ಲ, ಶಬ್ದವಿಲ್ಲ. ನಾನು ನಿನ್ನ ಕಾನೂನಿನಂತೆ ಚೀಟಿ ಬರೆದೆ. ‘ಹೆಸರು: ಚೈತ್ರ. ಊರು: ದೇವನಹಳ್ಳಿ. ದೂರು: ಜೀವ ಇಲ್ಲ.’ ಅದನ್ನು ದಾರದಲ್ಲಿ ಕಟ್ಟಿ ನಿನ್ನ ಊಟದ ತಟ್ಟೆಯ ಪಕ್ಕ ಇಟ್ಟು ಶಿಫ್ಟಿಗೆ ಹೊರಡುವವಳಂತೆ ಚಪ್ಪಲಿ ಮೆಟ್ಟಿದೆ. ನೀನು ಮುದ್ದೆ ಮುರಿಯುತ್ತಿದ್ದವನು ಚೀಟಿ ಓದಿದೆ. ಇನ್ನೊಮ್ಮೆ ಓದಿದೆ. ‘ಪರರ ಸಾಮಾನು. ಕೆಟ್ಟಿದ್ ವಾಪಸ್ ಕೊಡಾಕಾಯ್ತದಾ?’ ಅಂತ ಯಾರಿಗೂ ಅಲ್ಲದೆ ಹೇಳಿಕೊಂಡು ಕೈ ತೊಳೆದು ಎದ್ದೆ. ಎಷ್ಟೋ ತಿಂಗಳಿಂದ ಮುಚ್ಚಿದ್ದ ಅಂಗಡಿಯ ಬಾಗಿಲು ಕಿರ್ರೆಂದು ತೆರೆದ ಸದ್ದಿಗೆ ಅಜ್ಜಿ ಅಡಿಗೆಮನೆಯಿಂದ ಓಡಿಬಂದಳು. ನಾವಿಬ್ಬರೂ ಕಿಟಕಿಯ ಸಂದಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನೋಡಿದೆವು.

ನೀನು ಬರಿಮೈಯಲ್ಲಿ ಸ್ಟೂಲಿನ ಮೇಲೆ ಕೂತು ಅದನ್ನು ಬಿಚ್ಚಿದೆ, ಕನ್ನಡಕ ಹಣೆಗೇರಿಸಿದೆ, ಇಳಿಸಿದೆ, ಏನೇನೋ ಮಾಡಿದೆ, ಮುಚ್ಚಿದೆ. ದೀಪ ಹತ್ತಿತು. ರಿಪೇರಿಯಾದದ್ದನ್ನು ಓಡಿಸಿ ನೋಡದೆ ಕೊಡುವ ಜಾಯಮಾನ ನಿನ್ನದಲ್ಲ, ಅದು ನನಗೆ ಗೊತ್ತಿತ್ತು. ಎರಡೂ ಪ್ಯಾಡನ್ನು ಬಲಗೈಯ ಮೊಳಕೈ ಕೆಳಗೆ ಅಂಟಿಸಿಕೊಂಡೆ. ಆಮೇಲೆ, ತಾತ, ನಿನ್ನ ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಎರಡು ಪುಟ್ಟ ಸೆಲ್ಲಿನ ಯಂತ್ರಕ್ಕೆ! ನಾನು ನಗಲೆಂದು ಬಾಯಿ ತೆರೆದೆ. ಅಜ್ಜಿ ನನ್ನ ರಟ್ಟೆ ಹಿಡಿದುಕೊಂಡಳು.

ಸಂಜೆ ನಾನು ಬಂದಾಗ, ‘ಒಳಗೆ ಒಂದ್ ಬೆಸುಗೆ ಬಿಟ್ಟಿತ್ತು. ಹಾಕಿದ್ದೀನಿ. ಟೆಸ್ಟಿಂಗ್ ನಡೀತಾ ಐತೆ’ ಅಂತ ಗಂಭೀರವಾಗಿ ವರದಿ ಒಪ್ಪಿಸಿದೆ. ಮಾರನೇ ದಿನವೂ ಟೆಸ್ಟಿಂಗು. ಅದರ ಮಾರನೇ ದಿನವೂ ಟೆಸ್ಟಿಂಗು. ಆಮೇಲೆ ಒಂದು ಬೆಳಿಗ್ಗೆ, ಬೆನ್ನಿಗೆ ಕೈ ಎಟುಕುವುದಿಲ್ಲವೆಂದು ಅಜ್ಜಿಯನ್ನು ಕರೆದೆ. ಅವಳು ಬಿಡುತ್ತಾಳಾ? ‘ಟೆಸ್ಟಿಂಗಂತೆ ಟೆಸ್ಟಿಂಗು! ಮೊಳಕೈಗೆ ಹಾಕ್ಕಂಡ್ರೆ ಟೆಸ್ಟ್ ಆಗಾಕಿಲ್ವಾ? ಬೆನ್ನೇ ಬೇಕಾ ಯಜಮಾನ್ರಿಗೆ?’ ಅಂದಳು. ‘ಲೋಡ್ ಮೇಲೆ ಓಡಿಸಿ ನೋಡ್ಬೇಕು ಕಣೆ, ನಿಂಗೇನ್ ಗೊತ್ತಾಯ್ತದೆ’ ಅಂದೆ ನೀನು. ಚೈತ್ರ ಮೇಡಂ ಹೇಳಿದ ಜಾಗಕ್ಕೆ, ಬಲಗಡೆಗೇ, ಮೇಲೊಂದು ಕೆಳಗೊಂದು ಅಂಟಿಸಿದಳು ಅಜ್ಜಿ.

ಪವಾಡವೇನೂ ಆಗಲಿಲ್ಲ, ಒಪ್ಪುತ್ತೇನೆ. ಕೆಲವು ದಿನ ಅದರಿಂದ ಏನೂ ಉಪಯೋಗವಿಲ್ಲದೆ ನೀನು ಹಲ್ಲು ಕಚ್ಚಿ ಕೂತದ್ದೂ ಉಂಟು. ಆದರೆ ಮೊದಲು ನೀನು ದುಪ್ಪಟಿ ಹೊದ್ದುಕೊಂಡದ್ದನ್ನು ಅಜ್ಜಿ ಕಂಡಳು. ಆಮೇಲೆ ನೀಲಿ ಅಂಗಿ ಗೂಟದಿಂದ ಇಳಿಯಿತು. ಹೊಲಿಗೆ ಚುಚ್ಚುತ್ತದೆಂದು ಅದನ್ನು ಒಳಹೊರಗು ಮಾಡಿ ತೊಟ್ಟೆ. ಜೇಬು ಒಳಗಡೆ ಹೋಗಿದ್ದರಿಂದ ಟೆಸ್ಟರನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಮೋಟಾರುಗಳ ಎದುರು ಕೂತೆ. ಕಳೆದ ವಾರದಿಂದ ಅಂಗಿ ಸರಿಯಾಗಿದೆ, ಟೆಸ್ಟರ್ ಜೇಬಿನಲ್ಲಿದೆ. ನೀನು ವೈಂಡಿಂಗ್ ಕಾಗದದ ಡಬ್ಬಿಯಲ್ಲಿ ಬಚ್ಚಿಟ್ಟಿರುವ ಆ ಹಾಳು ಮಾತ್ರೆಗಳು ಇದ್ದಲ್ಲೇ ಇವೆ. ನಾನು ನೋಡಿದೆ, ಅವುಗಳ ಮೇಲೆ ದೂಳು ಕೂತಿದೆ. ಆ ದೂಳಿಗೆ ನಾನು ಕೈ ಮುಗಿದೆ ತಾತ.

ಇಷ್ಟೆಲ್ಲ ಆದ ಮೇಲೆ ‘ನಂಗೇನೂ ಆಗಿಲ್ಲ’ ಅನ್ನುತ್ತೀಯಲ್ಲ! ಸೋಮವಾರ ನೀನು ಹಾಗೆಂದರೆ ಅವರು ಯಂತ್ರವನ್ನು ವಾಪಸು ತೆಗೆದುಕೊಳ್ಳುತ್ತಾರೆ. ಇನ್ನೊಂದು ಬಿರುಬೇಸಿಗೆಯ ಮಧ್ಯಾಹ್ನ ಆ ಉರಿ ಏಳುತ್ತದೆ, ನಿನ್ನ ಕೈ ಡಬ್ಬಿಗೆ ಹೋಗುತ್ತದೆ, ನಿನ್ನ ಕಿಡ್ನಿಗೆ ಮತ್ತೆ ವೈಂಡಿಂಗ್ ಮಾಡಿಕೊಡುವ ದೊಡ್ಡಮುನಿಯಪ್ಪ ಈ ಹೋಬಳಿಯಲ್ಲಿ ಇಲ್ಲ. ಅಷ್ಟೇ ಅಲ್ಲ, ಸರ್ಪಸುತ್ತಿನ ನೋವಿಗೆ ಇದರಿಂದ ಉಪಯೋಗವಾಗಲಿಲ್ಲ ಅಂತ ಅವರು ನಂಬುತ್ತಾರೆ. ನಿನ್ನಂತೆಯೇ ಅಂಗಿ ಬಿಟ್ಟು ಕೂತ ಇನ್ನೊಬ್ಬ ತಾತ ಬಂದಾಗ ಕೊಡಲು ಅನುಮಾನಿಸುತ್ತಾರೆ. ನೋವಿದೆ ಅಂತ ನೀನು ಹೇಳಿದಾಗ ಊರು ನಂಬಲಿಲ್ಲ. ನೋವು ಕಡಿಮೆಯಾಗಿದೆ ಅಂತ ನಿನ್ನ ಮೈಯೇ ಹೇಳುತ್ತಿರುವಾಗ ನೀನು ನಂಬುವುದಿಲ್ಲ. ಊರಿಗೂ ನಿನಗೂ ಏನು ವ್ಯತ್ಯಾಸ?

ಈ ಸಿಟ್ಟಿನಲ್ಲಿ ನಿನ್ನೆ ನಾನು ಅಜ್ಜಿಯ ಮೇಲೂ ರೇಗಿದೆ. ಅವಳು ಬೇಳೆ ಹಿತುಕುವುದು ನಿಲ್ಲಿಸಿ ಮೆಲ್ಲಗೆ ಹೇಳಿದಳು, ‘ನಿಮ್ ತಾತಂಗೆ ಜಂಬ ಅಲ್ಲ ಕಣೆ, ನಾಚ್ಕೆ. ಸೊಣ್ಣಪ್ಪನ್ನ ತಿಂದಿದ್ದು ನನ್ ಮೈಗೆ ಹಿತ ಆಯ್ತದೆ ಅಂತ ಯಾವ್ ಬಾಯಲ್ಲಿ ಹೇಳಾದು ಅಂತ ನಾಚ್ಕೆ.’

ನಾನು ಎದ್ದು, ಈ ಚೀಟಿಗೆಂದು ಕಾಗದ ಹುಡುಕಿ ಚೀಲಕ್ಕೆ ಹಾಕಿಕೊಂಡೆ.

ತಾತ, ಚಿಕ್ಕತಾತ ತೀರಿಕೊಂಡ ಮೂರನೇ ದಿನ, ಹಾಲುತುಪ್ಪ ಬಿಟ್ಟು ಬಂದವನು ನೀನು ನೆಟ್ಟಗೆ ಅದೇ ಸ್ಟಾರ್ಟರ್ ಪೆಟ್ಟಿಗೆಯ ಹತ್ತಿರ ಹೋಗಿ, ಎಡಗೈ ಬೆನ್ನ ಹಿಂದಿಟ್ಟು ಅದನ್ನು ರಿಪೇರಿ ಮಾಡಿದೆಯಂತೆ. ಅವರು ನೆಟ್ಟ ಆಲೂಗಡ್ಡೆ ಒಣಗುತ್ತಿತ್ತಂತೆ. ಬೈದವರಿಗೆ, ‘ಕರೆಂಟಿಗೆ ಹಗೇನೂ ಇಲ್ಲ, ನೆಂಟಸ್ತನಾನೂ ಇಲ್ಲ. ದಾರಿ ಸರಿ ಮಾಡಿ ಕೊಟ್ರೆ ಸರಿಯಾಗಿ ಹೋಗ್ತದೆ’ ಅಂದೆಯಂತೆ. ತಮ್ಮನ ಪೈರಿಗೆ ಆ ಕರೆಂಟಿನಿಂದ ನೀರು ಕೊಡಬಹುದಾದರೆ, ತಮ್ಮನನ್ನು ಹೆಗಲ ಮೇಲೆ ಹೊತ್ತು ತಂದ ಬೆನ್ನಿಗೆ ಅದರಿಂದ ಸ್ವಲ್ಪ ಹಿತ ಯಾಕೆ ಬೇಡ? ಇದಕ್ಕೆ ನಿನ್ನ ಹತ್ತಿರ ಉತ್ತರವಿದ್ದರೆ ಬಾಯಲ್ಲಿ ಹೇಳಬೇಡ. ಚೀಟಿ ಕಟ್ಟು.

ಆದ್ದರಿಂದ ಈ ಮೂಲಕ ಸಮಸ್ತ ಬೋರ್‌ವೆಲ್ಲುಗಳ ಸಾಕ್ಷಿಯಾಗಿ ಆಜ್ಞಾಪಿಸುವುದೇನೆಂದರೆ, ಸೋಮವಾರ ಬೆಳಿಗ್ಗೆ ನೀನು ನೀಲಿ ಅಂಗಿ ತೊಟ್ಟು ನನ್ನ ಜೊತೆ ಬಸ್ಸು ಹತ್ತತಕ್ಕದ್ದು. ಚೈತ್ರ ಮೇಡಂ ಕೇಳಿದಾಗ ‘ನೋವು ಹೋಗಿಲ್ಲ, ತಗ್ಗೈತೆ, ಇನ್ನೂ ಸ್ವಲ್ಪ ದಿನ ಬೇಕು’ ಅಂತ ನಿಜ ಹೇಳತಕ್ಕದ್ದು. ಬಸ್ಸಿನಲ್ಲಿ ಅದೇ ಕಂಡಕ್ಟರ್ ಸಿಕ್ಕಿದರೆ ಅವನ ವಿಚಾರ ನನಗೆ ಬಿಡತಕ್ಕದ್ದು, ಈ ಸಲ ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೇನೆ.

ಚಿಕ್ಕವರು ದೊಡ್ಡವರಿಗೆ ಆಶೀರ್ವಾದ ಮಾಡಬಾರದು ಅನ್ನುತ್ತಾರೆ. ಆದರೂ ಮಾಡುತ್ತೇನೆ. ನಿನ್ನ ಬಲಗೈಗೆ ಕೆಲಸವಿರಲಿ, ಎಡಗೈಗೆ ಬೆನ್ನಿರಲಿ, ಬೆನ್ನಿಗೆ ಅಂಗಿಯಿರಲಿ, ಅಂಗಿಗೆ ಜೇಬಿರಲಿ, ಜೇಬಿನಲ್ಲಿ ಟೆಸ್ಟರ್ ಇರಲಿ.

ಇಂತಿ ನಿನ್ನ ಮೇಲೆ ಕೆಂಡದಂಥ ಸಿಟ್ಟಿರುವ, ನೀನೇ ಕೆಡಿಸಿದ ಮೊಮ್ಮಗಳು,
ಪ್ರಮೋದಾ

ತಾ.ಕ.: ಸುಳ್ಳಿನ ಬಗ್ಗೆ ಇಷ್ಟುದ್ದ ಬೈದ ಮೇಲೆ ಒಂದು ಸಣ್ಣ ವಿಷಯ. ಯಂತ್ರ ಕೆಟ್ಟಿರಲಿಲ್ಲ. ಅದರ ಒಳ್ಳೆಯ ಸೆಲ್ಲು ತೆಗೆದು ಟಿವಿ ರಿಮೋಟಿಗೆ ಹಾಕಿ, ರಿಮೋಟಿನ ಸತ್ತ ಸೆಲ್ಲು ಅದಕ್ಕೆ ಹಾಕಿದವಳು ನಾನು. ಅಂಗಡಿಯಲ್ಲಿದ್ದ ಹೊಸ ಸೆಲ್ಲು ಹಾಕಿ ಅದಕ್ಕೆ ಜೀವ ಕೊಟ್ಟವನು ನೀನು. ಆವತ್ತು ಸಂಜೆ ನೀನು ರಿಮೋಟು ಒತ್ತಿದಾಗ, ತೊಡೆಗೆ ಬಡಿಯುವ ಮೊದಲೇ ಚಾನಲ್ಲು ಬದಲಾಯಿತು. ನೀನು ಅದನ್ನು ತಿರುಗಿಸಿ ನೋಡಿದೆ. ನನ್ನ ಮುಖ ನೋಡಿದೆ. ಆಮೇಲೆ ವಾರ್ತೆಯ ಕಡೆ ತಿರುಗಿ, ‘ಬೆಸುಗೇನೇ ಬಿಟ್ಟಿತ್ತು ಕಣೆ’ ಅಂದೆ. ನಾನು ‘ಹೌದಾ ತಾತ’ ಅಂದೆ.